ಒಂದು ಪ್ರೇಮಕಾದಂಬರಿ, ಒಂದು ಚೀಲ ಸಕ್ಕರೆ

ಹದಿನೇಳು ವರ್ಷದ ಒಬ್ಬ ಹುಡುಗಿಗಾಗಿ ನಾನು ಈಚೆಗೆ ಬೂದಗುಂಪಾ ಕ್ರಾಸಿನಲ್ಲಿ, ಸರಕಾರಿ ಬಸ್ಸಿನೊಳಗೆ ಕೂತು ಅತ್ತೆ. ಆ ಹುಡುಗಿ ಇಲ್ಲ. ತೀರಿಕೊಂಡಿದ್ದಾಳೆ ಎಂದಲ್ಲ, ಯಾವತ್ತೂ ಇರಲೇ ಇಲ್ಲ. ಒಂದು ಕಾದಂಬರಿಯ ಹಾಳೆಗಳಲ್ಲಿ ಹುಟ್ಟಿ ಅಲ್ಲೇ ಬೆಳೆದವಳು. ಬಸ್ಸು ನಿಂತಿತ್ತು, ಹುರಿದ ಶೇಂಗಾದ ವಾಸನೆ ಕಿಟಕಿಯಿಂದ ಒಳಗೆ ಬರುತ್ತಿತ್ತು, ನನ್ನ ಕಣ್ಣಿಂದ ನೀರು ಇಳಿಯುತ್ತಿತ್ತು. ಪಕ್ಕದಲ್ಲಿ ಕೂತ ಹೆಂಗಸು ನನ್ನನ್ನು ಒಮ್ಮೆ ನೋಡಿದರು, ಮಡಿಲಲ್ಲಿದ್ದ ಚೀಲಕ್ಕೆ ಕೈ ಹಾಕಿ ಒಂದು ನಿಂಬೆಹಣ್ಣು ತೆಗೆದರು. "ಮೂಸ್ ತಂಗಿ, ವಾಂತಿ ನಿಲ್ತೈತಿ" ಎಂದರು.

ನಾನು ಮೂಸಿದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಕೊಪ್ಪಳದಲ್ಲಿ ಊರೂರಿನ ಕುಡಿಯುವ ನೀರನ್ನು ಪರೀಕ್ಷಿಸಿ ಅದರ ಫ್ಲೋರೈಡನ್ನು ದಶಾಂಶದ ಆಚೆಯವರೆಗೆ ಬರೆದು ಸಹಿ ಹಾಕುವವಳು, ಮೂಸಿದೆ. "ಇದು ವಾಂತಿ ಅಲ್ರಿ, ಪ್ರೀತಿ" ಎಂದು ಹೇಳಲು ಧೈರ್ಯವಾಗಲಿಲ್ಲ. ಆಶ್ಚರ್ಯವೆಂದರೆ ನಿಂಬೆಹಣ್ಣು ಕೆಲಸ ಮಾಡಿತು. ಎರಡಕ್ಕೂ ಮದ್ದು ಒಂದೇ ಇರಬಹುದು.

ಆ ಪುಸ್ತಕ ನನಗೆ ಬಂದದ್ದು ಹಾಸ್ಟೆಲಿನ ಗೆಳತಿಯೊಬ್ಬಳಿಂದ. ಇಂಗ್ಲಿಷಿನದು, ಕಾಲೇಜು ಮೆಟ್ಟಿಲು ಹತ್ತುವ ವಯಸ್ಸಿನ ಹುಡುಗ ಹುಡುಗಿಯರಿಗಾಗಿ ಬರೆದದ್ದು. ಮುಖಪುಟ ಗುಲಾಬಿ ಬಣ್ಣ. ಅದರ ಮೇಲೆ ಇಬ್ಬರು ಮಕ್ಕಳು ಒಬ್ಬರನ್ನೊಬ್ಬರು ನೋಡಿಯೂ ನೋಡದ ಹಾಗೆ ನಿಂತಿದ್ದಾರೆ. ಇಂಥ ಮುಖಪುಟವನ್ನು ಗಂಗಾವತಿಯಿಂದ ಕೊಪ್ಪಳಕ್ಕೆ ದಿನಾ ಹೋಗುವ ಬಸ್ಸಿನಲ್ಲಿ ತೆರೆಯುವುದು ಸಾಧ್ಯವಿಲ್ಲ. ಆ ಬಸ್ಸಿನಲ್ಲಿ ನನ್ನ ಅಪ್ಪನನ್ನು ಬಲ್ಲವರು ಮುಂದಿನ ಸೀಟಿನಲ್ಲೂ ಇರುತ್ತಾರೆ, ಹಿಂದಿನ ಸೀಟಿನಲ್ಲೂ ಇರುತ್ತಾರೆ. ಆದ್ದರಿಂದ ಹಳೆಯ ಕ್ಯಾಲೆಂಡರಿನ ಹಾಳೆಯೊಂದನ್ನು ಹರಿದು, ಸಾಲಿ ಪುಸ್ತಕಕ್ಕೆ ಹಾಕುತ್ತಿದ್ದ ಹಾಗೆ ಅಚ್ಚುಕಟ್ಟಾಗಿ ರಟ್ಟು ಹಾಕಿದೆ. ಗೊಬ್ಬರದ ಅಂಗಡಿಯವರು ಕೊಟ್ಟ ಕ್ಯಾಲೆಂಡರು ಅದು. ಹೊರಗೆ ಭತ್ತದ ತೆನೆ, ಟ್ರ್ಯಾಕ್ಟರು. ಒಳಗೆ ಪ್ರೇಮ.

ರಟ್ಟು ಹಾಕಿದ ಪುಸ್ತಕಕ್ಕೆ ನಮ್ಮ ಮನೆಯಲ್ಲಿ ಒಂದೇ ಅರ್ಥ: ಸರಕಾರಿ ಪರೀಕ್ಷೆ. ಅಪ್ಪ ಕಾಲುವೆಗೆ ನೀರು ಬಿಡುವ ಕೆಲಸದಲ್ಲಿದ್ದಾನೆ. ಗದ್ದೆಯ ಕೂಲಿಯಿಂದ ಆ ಕೆಲಸಕ್ಕೆ ಏರಿದವನು ಅವನು, ಅಲ್ಲಿಂದ ಪ್ರಯೋಗಾಲಯಕ್ಕೆ ಏರಿದವಳು ನಾನು. ಇದರ ಮೇಲೂ ಇನ್ನೊಂದು ಮೆಟ್ಟಿಲು ಇದ್ದೇ ಇದೆ ಎಂದು ಅವನ ನಂಬಿಕೆ. ನಾನು ಪುಸ್ತಕ ಹಿಡಿದು ಜಗುಲಿಗೆ ಕೂತರೆ ಅವನು ಟಿ.ವಿ.ಯ ದನಿ ಸಣ್ಣದು ಮಾಡುತ್ತಿದ್ದ. "ಓದಾಕ ಹತ್ಯಾಳ, ಸುಮ್ನಿರ್ರಿ" ಎಂದು ಉಳಿದವರಿಗೆ ಪಿಸುಗುಟ್ಟುತ್ತಿದ್ದ. ಆ ಪಿಸುಮಾತಿನ ಗೌರವದ ನೆರಳಲ್ಲಿ ಕೂತು ನಾನು, ಹಿಮ ಬೀಳುವ ಯಾವುದೋ ಊರಿನ ಹುಡುಗನೊಬ್ಬ ಹುಡುಗಿಯ ಕೈ ಮುಟ್ಟುತ್ತಾನೋ ಇಲ್ಲವೋ ಎಂದು ಉಸಿರು ಹಿಡಿದು ಕಾಯುತ್ತಿದ್ದೆ.

ಕಥೆ ಹೇಳಿದರೆ ಏನೂ ಇಲ್ಲ. ನದಿಯ ದಂಡೆಯ ಸಣ್ಣ ಊರು. ಜನರನ್ನು ಆಚೆ ದಡಕ್ಕೆ ದಾಟಿಸುವ ಒಂದು ದೋಣಿ. ಹುಡುಗಿ ದಂಡೆಯ ಗೂಡಿನಲ್ಲಿ ಕೂತು ಚೀಟಿ ಕೊಡುತ್ತಾಳೆ. ಹುಡುಗನ ಅಪ್ಪ ದೋಣಿ ನಡೆಸುತ್ತಾನೆ, ಹುಡುಗ ಹಗ್ಗ ಬಿಚ್ಚುತ್ತಾನೆ, ಕಟ್ಟುತ್ತಾನೆ. ಮೇಲೆ ಸೇತುವೆ ಏಳುತ್ತಿದೆ. ಸೇತುವೆ ಮುಗಿದರೆ ದೋಣಿ ಇಲ್ಲ, ದೋಣಿ ಇಲ್ಲದಿದ್ದರೆ ಹುಡುಗ ಆ ಊರಿನಲ್ಲಿ ಇರುವುದಿಲ್ಲ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಜೀವ. ಇಬ್ಬರೂ ಬಾಯಿ ಬಿಡುವುದಿಲ್ಲ. ಇಷ್ಟೇ. ಇದನ್ನು ನಾನು ಓದುವ ಮುಂಚೆ ಯಾರಾದರೂ ಹೇಳಿದ್ದರೆ, ಅದರಲ್ಲೇನಿದೆ ಎಂದು ನಾನೂ ಕೇಳುತ್ತಿದ್ದೆ.

ಆದರೆ ಆ ಹುಡುಗಿಗೆ ಒಂದು ಚಾಳಿ ಇದೆ. ಹುಡುಗ ಗೂಡಿನ ಹತ್ತಿರ ಬಂದಾಗಲೆಲ್ಲ ಆಕೆ ಅವನ ಮುಖ ನೋಡುವುದಿಲ್ಲ. ಅವನ ತಲೆಯ ಮೇಲೆ ತೂಗುಹಾಕಿದ ಎಚ್ಚರಿಕೆಯ ಫಲಕವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತಾಳೆ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದುತ್ತಾಳೆ. ಅದನ್ನು ಓದಿದಾಗ ನಾನು ಪುಸ್ತಕ ಮುಚ್ಚಿದೆ. ಏಕೆಂದರೆ ಅದು ನನ್ನ ಚಾಳಿ. ಎದುರಿಗೆ ನಾಚಿಕೆಯ ವಿಷಯ ಬಂದರೆ ನಾನು ಗೋಡೆಯ ಮೇಲಿನ ಅಕ್ಷರಗಳನ್ನು ಓದುತ್ತೇನೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ಕೊಪ್ಪಳ ಎಂಬ ಊರಿದೆ ಎಂದೇ ಗೊತ್ತಿಲ್ಲದ, ಬೇರೆ ಭಾಷೆಯ, ಬೇರೆ ಚಳಿಯ ಒಬ್ಬ ಲೇಖಕಿಗೆ ನನ್ನ ಈ ಗುಟ್ಟು ಹೇಗೆ ತಿಳಿಯಿತು? ಪ್ರಯೋಗಾಲಯದಲ್ಲಿ ನೀರಿನ ಶೀಶೆಯ ಮೇಲೆ ಊರಿನ ಹೆಸರು ಬರೆದಿರದಿದ್ದರೆ ಅದು ಯಾವ ಬಾವಿಯದೆಂದು ನಾನು ಹೇಳಲಾರೆ. ಈಕೆ ಯಾವ ಶೀಶೆಯೂ ಇಲ್ಲದೆ ನನ್ನ ಬಾವಿಯ ರುಚಿ ಹೇಳಿಬಿಟ್ಟಿದ್ದಳು.

ನಮ್ಮ ಹಳೆಯ ಕಾವ್ಯಮೀಮಾಂಸಕರಿಗೆ ಇದು ದೊಡ್ಡ ತಲೆನೋವಾಗಿತ್ತಂತೆ. ರಂಗದ ಮೇಲೆ ಯಾರೋ ಅಳುತ್ತಾರೆ, ಕೆಳಗೆ ಕೂತವನಿಗೆ ಸುಖವಾಗುತ್ತದೆ, ಏಕೆ? ಆ ಅಳು ನಟನದೋ, ಪಾತ್ರದ್ದೋ, ನೋಡುವವನದೋ? ತಲೆಮಾರುಗಟ್ಟಲೆ ಜಗಳವಾಡಿ ಕೊನೆಗೆ ಸಹೃದಯ ಎಂಬ ಚೆಂದದ ಮಾತೊಂದನ್ನು ನಮಗೆ ಬಿಟ್ಟುಹೋದರು. ಬರೆದವರ ಹೃದಯಕ್ಕೆ ಸಮನಾದ ಹೃದಯವುಳ್ಳವರು ಎಂದು ಅರ್ಥ. ಎಂ.ಎ. ಮಾಡುತ್ತಿದ್ದ ಗೆಳತಿಯರು ಇದನ್ನು ಬಾಯಿಪಾಠ ಮಾಡುವಾಗ ನಾನು ಪಕ್ಕದ ಮಂಚದಲ್ಲಿ ಕೂತು ಲವಣಗಳ ಸೂತ್ರ ಬರೆಯುತ್ತಿದ್ದೆ. ಸಹೃದಯ ಎಂದರೆ ಬಿಳಿ ಪಂಚೆ ಉಟ್ಟು ಎದುರು ಸಾಲಿನಲ್ಲಿ ಕೂರುವ ಯಜಮಾನರೆಂದು ಆಗ ತಿಳಿದಿದ್ದೆ. ಮೂಗಿಗೆ ನಿಂಬೆಹಣ್ಣು ಹಿಡಿದುಕೊಂಡವರಿಗೂ ಆ ಹೆಸರು ಸಲ್ಲುತ್ತದೆಂದು ಗೊತ್ತಿರಲಿಲ್ಲ.

ಪುಸ್ತಕದ ನಡುಮಧ್ಯದಲ್ಲಿ ನನ್ನನ್ನು ನೋಡಲು ಕುಷ್ಟಗಿಯಿಂದ ಜನ ಬಂದರು.

ಸಂಬಂಧ ತಂದವನು ಯಲಬುರ್ಗಾದ ನನ್ನ ಸೋದರಮಾವ. ಹುಡುಗ ಪಂಚಾಯಿತಿಯಲ್ಲಿ ನೌಕರಿಗಿದ್ದಾನೆ, ಮನೆಯವರು ಒಳ್ಳೆಯವರು, ವರದಕ್ಷಿಣೆ ಕೇಳಿದ್ದೇನೂ ಇಲ್ಲ. ಒಂದು ಭಾನುವಾರ ಬಂದು ಜಮಖಾನೆಯ ಮೇಲೆ ಕೂತರು. ನನ್ನ ಕಾದಂಬರಿಯ ಹುಡುಗಿಯನ್ನು ಹಿಮ ಬೀಳುವ ದಂಡೆಯಲ್ಲಿ ನಿಲ್ಲಿಸಿ, ಹಾಳೆಯ ಮೂಲೆ ಮಡಚಿ, ಸೀರೆ ಉಟ್ಟುಕೊಂಡು ನಾನು ಅವಲಕ್ಕಿ ತಂದಿಟ್ಟೆ. ಅವರು ಎಲ್ಲಿ ಕೆಲಸ, ಎಷ್ಟು ದೂರ, ಅಡಿಗೆ ಬರುತ್ತದೆಯೇ ಎಂದು ಕೇಳಿದರು, ನಾನು ಉತ್ತರಿಸಿದೆ. ಹುಡುಗನ ಮುಖ ನನಗೆ ನೆನಪಿಲ್ಲ. ಅವನ ತಾಯಿಯ ಪಕ್ಕದಲ್ಲಿದ್ದ ಜವಳಿ ಅಂಗಡಿಯ ಕೈಚೀಲ ಮಾತ್ರ ಅಕ್ಷರ ಅಕ್ಷರ ನೆನಪಿದೆ. 'ಮದುವೆ ಸೀರೆಗಳಿಗೆ ವಿಶ್ವಾಸದ ಹೆಸರು.' ನಾನದನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಮತ್ತೆ ಮೊದಲಿನಿಂದ ಓದಿದೆ. ಅವರು ಹೋದ ಮೇಲೆ ಸೀರೆ ಮಡಚಿಟ್ಟು ಮತ್ತೆ ದಂಡೆಗೆ ಓಡಿದೆ. ಪಾಪ, ಆ ಹುಡುಗಿ ಅಲ್ಲೇ ನಿಂತಿದ್ದಳು.

ಇಲ್ಲಿ ನಮ್ಮ ಮನೆಗಳ ಒಂದು ಪದ್ಧತಿಯನ್ನು ಹೇಳಬೇಕು. ನೋಡಲು ಬಂದವರು ಹೋದ ಮೇಲೆ ನಿನಗೆ ಒಪ್ಪಿಗೆಯೇ ಎಂದು ಹುಡುಗಿಯನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಇದು ಕ್ರೌರ್ಯವಲ್ಲ, ಒಂದು ರೀತಿಯ ಮರ್ಯಾದೆ. ಕೇಳಿದರೆ ಆಕೆ ಹೌದೆನ್ನಬೇಕು, ಹೌದೆನ್ನಲು ನಾಚಿಕೆ. ಇಲ್ಲವೆನ್ನಬೇಕು, ಇಲ್ಲವೆನ್ನಲು ಭಯ. ಆ ಕಷ್ಟ ಆಕೆಗೆ ಬೇಡವೆಂದು ಮನೆಯ ಹೆಂಗಸರು ತಾವೇ ನೋಡಿ ತಿಳಿದುಕೊಳ್ಳುತ್ತಾರೆ. ಊಟ ಸೇರುತ್ತದೆಯೇ? ಮುಖ ಗಂಟಿಕ್ಕಿದೆಯೇ? ಒಬ್ಬಳೇ ಕೂರುತ್ತಾಳೆಯೇ, ಕೂತಾಗ ಏನು ಮಾಡುತ್ತಾಳೆ? ನಾವು ನೀರಿಗೆ ಒಂದು ಹನಿ ದ್ರಾವಣ ಹಾಕಿ ಬಣ್ಣ ಬರುವುದನ್ನು ಕಾಯುವ ಹಾಗೆ ಅವರು ಕೆಲವು ದಿನ ಕಾಯುತ್ತಾರೆ. ಈ ವಿದ್ಯೆಯಲ್ಲಿ ನಮ್ಮ ಮನೆಯ ತಜ್ಞೆ ನನ್ನ ವೈನಿ, ಅಣ್ಣನ ಹೆಂಡತಿ. ಆಕೆಯ ಕಣ್ಣಿಗೆ ಬೀಳದೆ ನಮ್ಮ ಮನೆಯಲ್ಲಿ ಹಾಲು ಕೂಡ ಉಕ್ಕುವುದಿಲ್ಲ.

ಆ ವಾರ ನನ್ನ ಬಣ್ಣ ಜೋರಾಗಿಯೇ ಬಂತು. ಕಾದಂಬರಿಯಲ್ಲಿ ಆಗ ಒಳ್ಳೆಯ ದಿನಗಳು ನಡೆಯುತ್ತಿದ್ದವು. ಹುಡುಗ ಹಗ್ಗದ ಗಂಟು ಹಾಕುವುದನ್ನು ಹುಡುಗಿಗೆ ಕಲಿಸುತ್ತಾನೆ, ಆಕೆ ಬೇಕೆಂದೇ ತಪ್ಪು ಹಾಕುತ್ತಾಳೆ, ಅದು ಬೇಕೆಂದೇ ಎಂದು ಅವನಿಗೂ ಗೊತ್ತು. ನಾನು ರೊಟ್ಟಿ ಬೇಯಿಸುತ್ತ ಆ ಗಂಟನ್ನು ನೆನೆದು ನಗುತ್ತಿದ್ದೆ, ರೊಟ್ಟಿ ಸೀಯುತ್ತಿತ್ತು. ಸಾರಿಗೆ ಉಪ್ಪು ಹಾಕಿದ್ದು ಮರೆತು ಮತ್ತೆ ಹಾಕಿದೆ. ವೈನಿ ಯಾವುದಕ್ಕೂ ಬೈಯಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ನನ್ನನ್ನು ಬಾಯಿಬಿಟ್ಟು ಪ್ರಶ್ನೆ ಕೇಳಿದವಳು ಒಬ್ಬಳೇ, ನಮ್ಮ ಅಜ್ಜಿ, ಅಪ್ಪನ ತಾಯಿ. ಅದೂ ಹುಡುಗನ ಬಗ್ಗೆ ಅಲ್ಲ, ಪುಸ್ತಕದ ಬಗ್ಗೆ. ಒಂದು ಸಂಜೆ ಜಗುಲಿಯಲ್ಲಿ ಆಕೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು, ನಾನು ಪಕ್ಕದಲ್ಲಿ ಓದುತ್ತಿದ್ದೆ. ತಲೆ ಎತ್ತದೆ, ಅದರಾಗ ಏನೈತಿ ಎಂದಳು. ಪರೀಕ್ಷೆಯದು ಎಂದೆ.

"ಪರೀಕ್ಷಾ ಓದುವಾಗ ನೀ ಆಕಳಸ್ತಿದ್ದಿ" ಎಂದಳು ಅಜ್ಜಿ. "ಇದು ಕಥಿ ಐತಿ. ಹೇಳು."

ಹೇಳಿದೆ. ಪರದೇಶದ ಹೆಸರುಗಳು ಆಕೆಯ ನಾಲಿಗೆಗೆ ಕೂರಲಿಲ್ಲವಾದ್ದರಿಂದ ಹುಡುಗಿಗೆ ನೀಲವ್ವ ಎಂದು ತಾನೇ ಹೆಸರಿಟ್ಟಳು. ಹುಡುಗ ಅಂಬಿಗರ ಹುಡುಗ, ಅವನಿಗೆ ಹೆಸರು ಬೇಕಾಗಲಿಲ್ಲ. ಅಜ್ಜಿಯ ತವರು ಸಾಣಾಪುರದ ಕಡೆಗೆ. ಚಿಕ್ಕವಳಿದ್ದಾಗ ಹರಿಗೋಲಿನಲ್ಲಿ ಹೊಳೆ ದಾಟಿದವಳು. ಆದ್ದರಿಂದ ನೀಲವ್ವನ ಪ್ರೇಮಕ್ಕಿಂತ ದೋಣಿಯ ಬಗ್ಗೆ ಆಕೆಗೆ ಹೆಚ್ಚು ಪ್ರಶ್ನೆಗಳಿದ್ದವು. ದೋಣಿ ದುಂಡಗಿದೆಯೋ ಉದ್ದಕ್ಕಿದೆಯೋ? ಹೊಳೆ ತುಂಬಿದಾಗ ಅಂಬಿಗರ ಹುಡುಗ ಹುಟ್ಟು ಹಿಡಿಯುವುದು ಬಿಟ್ಟು ಗೂಡಿನ ಮುಂದೇಕೆ ನಿಂತ? ಸೇತುವೆ ಬರುತ್ತಿದೆ ಎಂದಾಗ ಮಾತ್ರ ಆಕೆಯ ಕೈ ಮೊರದ ಮೇಲೆ ನಿಂತಿತು. ಹೊಳೆಯ ಮೇಲೆ ಸೇತುವೆ ಬಂದರೆ ದಾಟುವುದು ಸಲೀಸು, ಆದರೆ ದಾಟುವಾಗ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ ಎಂದಳು. ನಾನು ಆ ಮಾತನ್ನು ಪುಸ್ತಕದಲ್ಲಿ ಹುಡುಕಿದೆ. ಇರಲಿಲ್ಲ. ಇರಬೇಕಿತ್ತು.

ದಿನಾ ಒಂದಿಷ್ಟು ಹೇಳುತ್ತ ಹೋದೆ. ಇನ್ನೂ ಬಾಯಿ ಬಿಟ್ಟಿಲ್ಲವೇ ಎಂದು ಅಜ್ಜಿ ದಿನಾ ಕೇಳುತ್ತಿದ್ದಳು. ಇಲ್ಲ ಎನ್ನುತ್ತಿದ್ದೆ. ಒಂದು ದಿನ ಪುಸ್ತಕವನ್ನು ಕೈಗೆ ತೆಗೆದುಕೊಂಡು ಅಂಗೈಯಲ್ಲಿ ತೂಗಿ ನೋಡಿದಳು. "ಒಂದ ಮಾತು ಹೇಳಾಕ ಇಷ್ಟು ದಪ್ಪ ಪುಸ್ತಕಾ?" ಎಂದಳು.

ವಿಮರ್ಶಕರು ಕೂಡ ಈ ಜಾತಿಯ ಕಾದಂಬರಿಗಳ ಮೇಲೆ ಇದೇ ಆಕ್ಷೇಪ ಹೊರಿಸುತ್ತಾರೆ. ಇಬ್ಬರೂ ಮೊದಲ ಅಧ್ಯಾಯದಲ್ಲೇ ಮಾತಾಡಿದ್ದರೆ ಕಥೆಯೇ ಇರುತ್ತಿರಲಿಲ್ಲ, ಇದೆಲ್ಲ ಎಳಸುತನ ಎನ್ನುತ್ತಾರೆ. ಹದಿಹರೆಯ ದಾಟಿದವರು ಇದನ್ನು ಓದುವುದು ದೊಡ್ಡವರು ಜೋಕಾಲಿಯಲ್ಲಿ ಕೂತ ಹಾಗೆ ಎಂದು ನಾನೂ ಒಮ್ಮೆ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ಮೊದಲ ಅಧ್ಯಾಯದಲ್ಲೇ ಮಾತಾಡಿಬಿಡುವವರು ಯಾವ ಊರಿನಲ್ಲಿರುತ್ತಾರೋ ನನಗೆ ಗೊತ್ತಿಲ್ಲ. ನಮ್ಮ ಕಡೆಯವರಂತೂ ಅಲ್ಲ. ಒಂದು ಮಾತು ಗಂಟಲಿನಿಂದ ತುಟಿಗೆ ಬರುವ ದಾರಿ ಎಷ್ಟು ಉದ್ದವೆಂದು ತಿಳಿದವರಿಗೆ ಆ ಪುಸ್ತಕ ದಪ್ಪವೆನಿಸುವುದಿಲ್ಲ. ಆ ದಾರಿಯ ಒಂದೊಂದು ಮೈಲಿಗಲ್ಲನ್ನೂ ಆ ಲೇಖಕಿ ಬರೆದಿದ್ದಾಳೆ, ಒಂದನ್ನೂ ಬಿಟ್ಟಿಲ್ಲ. ನನ್ನ ಬೆರಗು ಅದಕ್ಕೇ.

ಬೂದಗುಂಪಾ ಕ್ರಾಸಿನಲ್ಲಿ ನಾನು ಓದುತ್ತಿದ್ದದ್ದು ಆ ದಾರಿಯ ಕೊನೆಯನ್ನು. ಅದು ಶನಿವಾರ ಸಂಜೆ, ಕೆಲಸ ಮುಗಿಸಿ ಮನೆಗೆ ಬರುವ ಬಸ್ಸು. ಕಾದಂಬರಿಯಲ್ಲಿ ಸೇತುವೆ ಮುಗಿದಿದೆ, ದೋಣಿಗೆ ಅದು ಕೊನೆಯ ದಿನ. ಹುಡುಗ ಊರು ಬಿಡಲು ಸಿದ್ಧನಾಗಿ ಗೂಡಿನ ಮುಂದೆ ಬಂದು ನಿಲ್ಲುತ್ತಾನೆ. ನನ್ನಂಥವನು ನಿನಗೆ ಬೇಡವೆಂದು ನನಗೆ ಗೊತ್ತು, ನಿನಗೆ ಕಷ್ಟವಾಗಬಾರದೆಂದು ನಾನೇ ಹೊರಟಿದ್ದೇನೆ ಎನ್ನುತ್ತಾನೆ. ತುಂಬ ಒಳ್ಳೆಯ ಹುಡುಗ, ತುಂಬ ಒಳ್ಳೆಯ ಮಾತು. ಹಿಂದೆ ಚೀಟಿಗೆ ನಿಂತ ಜನರ ಸಾಲಿದೆ. ನೀಲವ್ವ ಫಲಕ ಓದುತ್ತಾಳೆ. ಕೊನೆಯವರೆಗೆ ಓದುತ್ತಾಳೆ. ಮತ್ತೆ ಮೊದಲಿಗೆ ಹೋಗುವ ಬದಲು ಕಣ್ಣು ಕೆಳಗಿಳಿಸಿ ಅವನ ಮುಖ ನೋಡುತ್ತಾಳೆ. ನನ್ನ ಉತ್ತರವನ್ನು ನೀನೇ ಹೇಳಿಬಿಟ್ಟೆಯಲ್ಲ, ಮೊದಲು ನನ್ನನ್ನು ಕೇಳು ಎನ್ನುತ್ತಾಳೆ.

ಅಷ್ಟೇ. ಪ್ರೀತಿ ಎಂಬ ಪದವೂ ಅಲ್ಲಿಲ್ಲ. ನಾನು ಅತ್ತದ್ದು ಅದಕ್ಕೆ.

ಮನೆಗೆ ಬಂದಾಗ ಕಣ್ಣು ಇನ್ನೂ ಕೆಂಪಗಿದ್ದಿರಬೇಕು. ನಡುಮನೆಯಲ್ಲಿ ಜಮಖಾನೆ ಹಾಸಿತ್ತು. ಯಲಬುರ್ಗಾದ ಮಾವ ಗೋಡೆಗೆ ಒರಗಿ ಕೂತಿದ್ದ, ಪಕ್ಕದಲ್ಲಿ ಅಪ್ಪ, ಅಣ್ಣ. ಮೂಲೆಯಲ್ಲಿ ಒಂದು ಚೀಲ ಸಕ್ಕರೆ. ನಮ್ಮಲ್ಲಿ ಮಾತು ನಿಕ್ಕಿಯಾದರೆ ಓಣಿಗೆಲ್ಲ ಸಕ್ಕರೆ ಹಂಚುತ್ತಾರೆ, ಮೊದಲ ಚಿಟಿಕೆ ಹುಡುಗಿಯ ಬಾಯಿಗೆ. ಮಾವ ಮರುದಿನ ಬೆಳಿಗ್ಗೆ ಕುಷ್ಟಗಿಗೆ ಹೋಗಿ ನಮ್ಮ ಒಪ್ಪಿಗೆ ಮುಟ್ಟಿಸುವವನಿದ್ದ. ನಾನು ಚಪ್ಪಲಿ ಬಿಡುತ್ತಿದ್ದಂತೆ ಎಲ್ಲರ ಮುಖ ನನ್ನ ಕಡೆ ತಿರುಗಿತು. ಎಲ್ಲವೂ ಪ್ರೀತಿಯ ಮುಖಗಳೇ. ವೈನಿ ನನ್ನ ಕಣ್ಣು ನೋಡಿ, ಅವ್ವನ ಕಿವಿಯಲ್ಲಿ, ತವರು ಬಿಡೂದು ನೆನಸ್ಕೊಂಡು ಈಗಿಂದಾನ ಅಳಾಕ ಹತ್ಯಾಳ ಎಂದದ್ದು ನನಗೂ ಕೇಳಿಸಿತು. ವಾರವಿಡೀ ಕೂಡಿಟ್ಟ ಸಾಕ್ಷಿಗಳಿಗೆ ಕೊನೆಯದೂ ಸೇರಿತು. ನಗು, ಸೀದ ರೊಟ್ಟಿ, ಉಪ್ಪು ಸಾರು, ಈಗ ಕಣ್ಣೀರು. ಬಣ್ಣ ನಿಜವಾಗಿಯೂ ಬಂದಿತ್ತು. ಬೇರೆ ಶೀಶೆಯ ಬಣ್ಣ.

ಅವ್ವ ಬಟ್ಟಲಲ್ಲಿ ಸಕ್ಕರೆ ಹಿಡಿದು ನನ್ನ ಹತ್ತಿರ ಬಂದಳು. ಆ ನಾಲ್ಕು ಹೆಜ್ಜೆಗಳಲ್ಲಿ ನನಗೆ ಎಲ್ಲ ಅರ್ಥವಾಯಿತು. ಅದು ಬಾಯಿಗೆ ಬಿದ್ದರೆ ಮುಗಿಯಿತು. ಬಾಯಿಯಲ್ಲಿ ಸಕ್ಕರೆ ಇಟ್ಟುಕೊಂಡು ಯಾರೂ ಬೇಡವೆಂದದ್ದಿಲ್ಲ. ನಾನು ಎದುರಿನ ಗೋಡೆಯ ಕ್ಯಾಲೆಂಡರು ಓದತೊಡಗಿದೆ. ಗೊಬ್ಬರದ ಅಂಗಡಿಯ ಹೆಸರು, ಊರು, ನಮ್ಮಲ್ಲಿ ಉತ್ತಮ ಬೀಜಗಳು ದೊರೆಯುತ್ತವೆ. ಕೊನೆಯವರೆಗೆ ಓದಿದೆ. ಆಮೇಲೆ ಅವ್ವನ ಕೈ ಹಿಡಿದೆ.

"ಒಂದ್ ನಿಮಿಷ ಅವ್ವಾ" ಎಂದೆ. "ನನ್ನ ಯಾರೂ ಕೇಳಿಲ್ಲ."

ಅದು ನನ್ನದೇ ದನಿ ಎಂದು ನಂಬಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಮಾವ ನಕ್ಕ. ಕೇಳೂದೇನೈತಿ, ಮಾರಿ ಮ್ಯಾಲ ಬರದೈತಲ್ಲ ಎಂದ. ಈ ವಾರದ ನನ್ನ ನಗು ಹುಡುಗನದಲ್ಲ, ಪುಸ್ತಕದ್ದು ಎಂದೆ. ಅಪ್ಪನ ಹುಬ್ಬು ಗಂಟಾಯಿತು. ಅವನಿಗೆ ಮದುವೆಗಿಂತ ಮೊದಲು ಇನ್ನೊಂದು ಸಂಗತಿ ಬಗೆಹರಿಯಬೇಕಿತ್ತು. "ಪರೀಕ್ಷಾ ಪುಸ್ತಕದಾಗ ನಗೂವಂಥಾದ್ದು ಏನಿರತೈತಿ?" ಎಂದ.

ನಾನು ಬ್ಯಾಗಿನಿಂದ ಪುಸ್ತಕ ತೆಗೆದು ಕ್ಯಾಲೆಂಡರಿನ ರಟ್ಟು ಬಿಚ್ಚಿ ಅವನ ಕೈಗೆ ಕೊಟ್ಟೆ. ಅಪ್ಪ ಆ ಗುಲಾಬಿ ಬಣ್ಣವನ್ನೂ ಅದರ ಮೇಲಿನ ಇಬ್ಬರು ಮಕ್ಕಳನ್ನೂ ಬಹಳ ಹೊತ್ತು ನೋಡಿದ. "ಇದಕ್ಕ ನಾ ಟಿ.ವಿ. ಸಣ್ಣದ ಮಾಡಿದ್ನಾ?" ಎಂದ.

ಮಂಚದ ಮೇಲಿಂದ ಅಜ್ಜಿ ಕೆಮ್ಮಿದಳು. ಕಥೆ ಛಲೋ ಇದೆ, ಬೇಕಿದ್ದರೆ ನೀನೂ ಹೇಳಿಸಿಕೊ ಎಂದು ಮಗನಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, ನೀಲವ್ವ ಬಾಯಿ ಬಿಟ್ಟಳೇನು ಎಂದು ಕೇಳಿದಳು. ಬಿಟ್ಟಳು ಎಂದೆ. ಏನಂದಳು ಎಂದಳು. ನಾನು ಹೇಳಿದೆ, ನಡುಮನೆಯಲ್ಲಿ ನಿಂತು, ಎಲ್ಲರ ಮುಂದೆ, ಆ ಹುಡುಗಿಯ ಮಾತನ್ನು ನಮ್ಮ ಮಾತಿನಲ್ಲಿ. ನನ್ನ ಉತ್ತರ ನೀ ಹೇಳಬ್ಯಾಡ, ಮೊದಲ ನನ್ನ ಕೇಳು ಅಂದಳು ಎಂದೆ. ಮಾವ, ಸಕ್ಕರಿ ತಂದ ಮ್ಯಾಲ ಇದೆಂಥಾ ಪುರಾಣ ಎಂದು ಟವೆಲು ಹೆಗಲಿಗೆ ಹಾಕಿಕೊಂಡ.

ಅಪ್ಪ ಪುಸ್ತಕವನ್ನು ಜಮಖಾನೆಯ ಮೇಲೆ ಇಟ್ಟ. ತೂಬಿನ ಹತ್ತಿರ ನಿಂತು ನೀರಿನ ಮಟ್ಟ ನೋಡುವಾಗಿನ ಮುಖ ಅವನದಾಗಿತ್ತು. ಬಾಯಿ ಎರಡು ಸಲ ತೆರೆದು ಮುಚ್ಚಿದ. ಗಂಟಲಿನಿಂದ ತುಟಿಯವರೆಗಿನ ದಾರಿ ಅವನಿಗೂ ಉದ್ದವೇ ಎಂದು ಆಗ ಗೊತ್ತಾಯಿತು.

"ಹಂಗಾರ ಈಗ ಕೇಳ್ತೀನಿ" ಎಂದ. "ನಿನಗ ಒಪ್ಪಿಗಿ ಐತೇನು?"

ಈ ಪ್ರಶ್ನೆಗಾಗಿ ಇಷ್ಟೆಲ್ಲ ಮಾಡಿದ ಮೇಲೆ ನನ್ನ ಬಳಿ ಉತ್ತರ ಇರಬೇಕಿತ್ತಲ್ಲವೇ? ಇರಲಿಲ್ಲ. ಯಾರೂ ಕೇಳಬಹುದೆಂದು ನಾನು ಎಣಿಸಿಯೇ ಇರಲಿಲ್ಲವಾದ್ದರಿಂದ ತಯಾರಿ ಮಾಡಿಕೊಂಡಿರಲಿಲ್ಲ. ಗೊತ್ತಿಲ್ಲಪ್ಪಾ ಎಂದೆ. ಒಮ್ಮೆ ಅವರ ಜೊತೆ ಮಾತಾಡಬೇಕು ಎಂದೆ. ಮಾವ ಎದ್ದು ಹೊರಗೆ ಹೋಗಿ ಚಪ್ಪಲಿ ಹುಡುಕತೊಡಗಿದ.

ಮುಂದಿನ ವಾರ ಕೊಪ್ಪಳದ ಒಂದು ಹೋಟೆಲಿನಲ್ಲಿ ಭೇಟಿಯಾದೆವು. ಅಣ್ಣ ಆಚೆಯ ಟೇಬಲ್ಲಿನಲ್ಲಿ ಕೂತು ಮೊಬೈಲು ನೋಡುವ ನಟನೆ ಮಾಡಿದ. ಹುಡುಗನ ಮುಖವನ್ನು ನಾನು ಮೊದಲ ಸಲ ನೋಡಿದೆ. ಸೌಮ್ಯವಾದ ಮುಖ. ನಮ್ಮ ಕಡೆಯಿಂದ ಒಪ್ಪಿಗೆ ಬರುತ್ತದೆಂದು ಮಾವ ಮೊದಲೇ ಸುಳಿವು ಕೊಟ್ಟಿದ್ದನಂತೆ. ಹೇಗೆ ಗೊತ್ತಾಯಿತು ನಿಮ್ಮ ಮನೆಯವರಿಗೆ ಎಂದು ಅವರು ಕೇಳಿದರು. ನಾನು ನಗುವಿನ ಕಥೆ ಹೇಳಿದೆ. ಅವರು ಚಹಾದ ಕಪ್ಪು ಕೆಳಗಿಟ್ಟರು.

"ನಮ್ಮ ಮನ್ಯಾಗ ನಾ ಅವಲಕ್ಕಿ ಮತ್ತೊಮ್ಮೆ ಹಾಕಿಸ್ಕೊಂಡೆ ಅಂತ ಒಪ್ಪಿಗಿ ಅಂದ್ಕೊಂಡಾರ್ರಿ" ಎಂದರು. "ಮುಂಜಾನಿ ಏನೂ ತಿಂದಿದ್ದಿಲ್ಲ."

ನಾವಿಬ್ಬರೂ ಎಷ್ಟು ನಕ್ಕೆವೆಂದರೆ ಅಣ್ಣ ಮೊಬೈಲು ಬಿಟ್ಟು ನೋಡಿದ. ನಗು, ಅವಲಕ್ಕಿ, ಇವೆರಡರ ಮೇಲೆ ಎರಡು ಮನೆಗಳು ಒಂದು ಮದುವೆ ಕಟ್ಟಿಬಿಟ್ಟಿದ್ದವು. ಎಲ್ಲರೂ ಒಳ್ಳೆಯವರು, ಎಲ್ಲರೂ ಗಮನವಿಟ್ಟು ನೋಡಿದ್ದರು. ಉಳಿದ ಮಾತುಗಳು ನಮ್ಮಿಬ್ಬರವು, ಅವನ್ನು ಬರೆಯುವುದಿಲ್ಲ. ನನ್ನ ಉತ್ತರ ನನಗೆ ಸಿಕ್ಕಿತು, ಅವರ ಉತ್ತರ ಅವರಿಗೆ ಸಿಕ್ಕಿತು, ಅವು ಬೇರೆ ಬೇರೆಯಾಗಿರಲಿಲ್ಲ ಎಂದಷ್ಟೇ ಹೇಳಬಹುದು.

ಮನೆಗೆ ಬಂದು ಬೇಡವೆಂದೆ. ಹುಡುಗ ಕೆಟ್ಟವನೇನು ಎಂದು ಅಪ್ಪ ಕೇಳಿದ. ಅಲ್ಲ, ಛಲೋ ಅದಾನ ಎಂದೆ. ಮತ್ತೇನು ಎಂದ. ಛಲೋ ಅದಾನ, ಅಷ್ಟ ಎಂದೆ. ಇದಕ್ಕಿಂತ ನಿಖರವಾದ ವರದಿಯನ್ನು ನಾನು ಪ್ರಯೋಗಾಲಯದಲ್ಲೂ ಬರೆದಿಲ್ಲ. ಅಪ್ಪ ಬಹಳ ಹೊತ್ತು ಕಾಲುವೆಯ ಕಡೆ ನೋಡಿದ. ಅವನಿಗೆ ನೋವಾಗಿತ್ತು. ನನಗದು ಕಾಣುತ್ತಿತ್ತು, ಆದರೂ ನಾನು ಮಾತು ಬದಲಿಸಲಿಲ್ಲ. ಕೊನೆಗೆ, ಆತು ಎಂದ. ಯಲಬುರ್ಗಾದ ಮಾವ ಇನ್ನೂ ಮುನಿಸಿಕೊಂಡಿದ್ದಾನೆ, ಫೋನು ಮಾಡಿದರೆ ಅತ್ತೆಯ ಕೈಗೆ ಕೊಡುತ್ತಾನೆ. ವೈನಿಗೆ ತನ್ನ ವಿದ್ಯೆಯ ಮೇಲಿದ್ದ ನಂಬಿಕೆ ಅಲುಗಿದೆ. ಮೊನ್ನೆ ನಾನು ಸುಮ್ಮನೆ ಕೆಮ್ಮಿದ್ದಕ್ಕೆ, ಇದು ನೆಗಡಿದೋ ಪುಸ್ತಕದ್ದೋ ಎಂದಳು.

ಉಳಿದದ್ದು ಒಂದು ಚೀಲ ಸಕ್ಕರೆ. ಓಣಿಗೆ ಹೋಗದ ಆ ಸಕ್ಕರೆ ಈಗ ನಮ್ಮ ಚಹಾಕ್ಕೆ ಬೀಳುತ್ತಿದೆ, ಧಾರಾಳವಾಗಿ. ನಮ್ಮಲ್ಲಿ ಚಹಾ ಎಲ್ಲರಿಗೂ ಒಂದೇ ಪಾತ್ರೆಯಲ್ಲಿ ಕುದಿಯುತ್ತದೆ, ಒಂದೇ ಅಳತೆಯ ಸಕ್ಕರೆ, ಎಲ್ಲರೂ ಕುಡಿದ ಮೇಲೆ ಅವ್ವ ಒಲೆಯ ಪಕ್ಕದಲ್ಲಿ ಕೂತು ತನ್ನದನ್ನು ಕುಡಿಯುತ್ತಾಳೆ. ಒಂದು ಸಂಜೆ ಅಪ್ಪ ಒಂದು ಗುಟುಕು ಕುಡಿದು ಮುಖ ಕಿವುಚಿದ. ಏನೋ ಹೇಳಹೊರಟವನು ನಿಲ್ಲಿಸಿದ. ಹೊಸದಾಗಿ ಕಲಿತ ಕೆಲಸವನ್ನು ಇನ್ನೊಮ್ಮೆ ಮಾಡಿ ನೋಡುವವನ ಹಾಗೆ ಒಲೆಯ ಕಡೆ ತಿರುಗಿ, "ಚಹಾ ನಿನಗ ಹೆಂಗ ಬೇಕು?" ಎಂದು ಕೇಳಿದ.

ಅವ್ವ ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ತನ್ನನ್ನೇ ಕೇಳಿದ್ದೆಂದು ಖಾತ್ರಿಯಾದ ಮೇಲೆ ಸೆರಗಿನಿಂದ ಕೈ ಒರೆಸಿಕೊಂಡಳು.

"ನನಗ ಚಹಾ ಮೊದಲಿಂದಾನೂ ಸೇರೂದಿಲ್ಲ" ಎಂದಳು. "ಎಲ್ಲಾರಿಗೂ ಮಾಡುವಾಗ ಉಳೀತಿತ್ತು, ಕುಡೀತಿದ್ದೆ."

ಅಪ್ಪನ ಕೈಯಲ್ಲಿ ಚಹಾದ ಬಸಿ ಹಾಗೇ ನಿಂತಿತು. ವೈನಿ, ಹಾಲು ಉಕ್ಕುವುದನ್ನೂ ಬಿಡದೆ ನೋಡುವ ವೈನಿ, ಬಾಯಿ ತೆರೆದು ನಿಂತಳು. ಹುಟ್ಟಿದಾಗಿನಿಂದ ಅವ್ವ ಚಹಾ ಕುಡಿಯುವುದನ್ನು ನೋಡಿದ ನಾನು, ಯಾವ ನೀರಿನಲ್ಲಿ ಏನಿದೆ ಎಂದು ಬರೆದು ಸಹಿ ಮಾಡುವ ನಾನು, ಅವ್ವನನ್ನು ನೋಡಿದೆ. ಮಂಚದ ಮೇಲಿಂದ ಅಜ್ಜಿಯ ದನಿ ಬಂತು.

"ನೀಲವ್ವನ ಪುಸ್ತಕಕ್ಕಿಂತಾ ನಿಂದ ದಪ್ಪ ಆತಲ್ಲವಾ."

ಮತ್ತೇನು ಬೇಕು ನಿನಗ ಎಂದು ಅಪ್ಪ ಕೇಳಿದ. ಅವ್ವ ಯೋಚಿಸತೊಡಗಿದಳು. ಅದಾಗಿ ಕೆಲವು ದಿನಗಳಾದವು, ಇನ್ನೂ ಯೋಚಿಸುತ್ತಲೇ ಇದ್ದಾಳೆ. ಯಾರೂ ಅವಸರ ಮಾಡಿಲ್ಲ, ಅವಳ ಮುಖ ನೋಡಿ ಯಾರೂ ಏನನ್ನೂ ತಿಳಿದುಕೊಂಡಿಲ್ಲ.